ಮಂಗಳೂರಿನಲ್ಲಿ ಕಟ್ಟಡ ಪರವಾನಿಗೆ: ನಕ್ಷೆ ಬರೆಸುವ ಮೊದಲು ಜಾಗವನ್ನು ಓದಿಕೊಳ್ಳಿ

ಮನೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೋಣೆಗಳ ಲೆಕ್ಕ ಹಾಕುತ್ತಾರೆ. ಮಲಗುವ ಕೋಣೆ ಎಷ್ಟು, ದೇವರ ಕೋಣೆ ಯಾವ ಮೂಲೆಗೆ, ಬಾಗಿಲು ಯಾವ ದಿಕ್ಕಿಗೆ ಎಂಬುದೆಲ್ಲ ನಿಶ್ಚಯವಾಗಿ, ನಕ್ಷೆ ಕೈಗೆ ಬಂದು, ಬ್ಯಾಂಕಿನಲ್ಲಿ ಸಾಲದ ಮಾತೂ ಮುಗಿದ ಮೇಲೆ ಪರವಾನಿಗೆಯ ನೆನಪಾಗುತ್ತದೆ. ಅರ್ಜಿ ಹಾಕಿದ ಮೇಲೆ ಜಾಗದ ಕಾಗದಪತ್ರಗಳನ್ನು ಹುಡುಕುವ ಕೆಲಸ ಶುರುವಾಗುತ್ತದೆ. ಮಂಗಳೂರು ಮತ್ತು ಉಡುಪಿಯಲ್ಲಿ ಹಲವು ವರ್ಷಗಳಿಂದ ನಕ್ಷೆ ಸಿದ್ಧಪಡಿಸಿ ಅರ್ಜಿ ಸಲ್ಲಿಸುತ್ತ ಬಂದಿರುವ ನಾನು ಕಂಡಂತೆ, ತಿಂಗಳುಗಟ್ಟಲೆ ನಿಂತುಹೋಗುವ ಕಡತಗಳಲ್ಲಿ ನಕ್ಷೆಯ ತಪ್ಪಿನಿಂದ ನಿಲ್ಲುವವು ಕಡಿಮೆ. ಜಾಗದ ಬಗ್ಗೆ ಮೊದಲೇ ಕೇಳಿ ತಿಳಿಯಬೇಕಾಗಿದ್ದ ಒಂದು ಸಂಗತಿಯನ್ನು ಯಾರೂ ಕೇಳದೆ ಬಿಟ್ಟದ್ದರಿಂದ ನಿಲ್ಲುವವೇ ಹೆಚ್ಚು. ಆದ್ದರಿಂದ ಈ ಬರಹದ ಬಹುಭಾಗ ಅರ್ಜಿಗಿಂತ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. ವಾಮಂಜೂರಿನ ಕಡೆ ಒಬ್ಬರು ತಮ್ಮ ಜಾಗ ತೋರಿಸಲು ಕರೆದಿದ್ದರು. "ಏಳು ಸೆಂಟ್ಸ್ ಉಂಟು ಸರ್, ಕನ್ವರ್ಷನ್ ಆದದ್ದೇ. ಪ್ಲಾನ್ ಪಾಸ್ ಮಾಡಿಸುವುದೊಂದೇ ಬಾಕಿ" ಎಂದರು. ಕಂಪೌಂಡಿನ ಒಳಗೆ ಟೇಪ್ ಹಿಡಿದು ಅಳೆದಾಗ ಏಳು ಸೆಂಟ್ಸ್, ಅಂದರೆ ಸುಮಾರು 283 ಚದರ ಮೀಟರ್, ಸರಿಯಾಗಿಯೇ ಇತ್ತು. ಆದರೆ ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಅವರ ಹೆಸರಿಗಿದ್ದದ್ದು ಐದೂವರೆ ಸೆಂಟ್ಸ್ ಮಾತ್ರ. ಉಳಿದ ಒಂದೂವರೆ ಸೆಂಟ್ಸ್ ಅವರ ಅಜ್ಜನ ಕಾಲದಿಂದ ಅನುಭವಿಸಿಕೊಂಡು ಬಂದ ಕುಮ್ಕಿ, ಅಂದರೆ ಪಕ್ಕದ ಸರಕಾರಿ ಭೂಮಿ. ಪಶ್ಚಿಮದ ಗಡಿಯಲ್ಲಿ ಕಲ್ಲುಚಪ್ಪಡಿ ಹಾಸಿ ಮುಚ್ಚಿದ್ದ ಸಣ್ಣ ಚರಂಡಿಯೊಂದು ಸರ್ವೆ ನಕ್ಷೆಯಲ್ಲಿ ತೋಡು, ಅಂದರೆ ಹಳ್ಳ, ಎಂದೇ ದಾಖಲಾಗಿತ್ತು. ಅವರು ತಂದಿದ್ದ ಮೂರು ಕೋಣೆಯ ಮನೆಯ ನಕ್ಷೆಯಲ್ಲಿ ಅಡುಗೆ ಮನೆ ಪೂರ್ತಿಯಾಗಿ ಸರಕಾರಿ ಜಾಗದ ಮೇಲೆ ಬರುತ್ತಿತ್ತು. ಆ ಸಂಜೆ ಅಲ್ಲೇ ಗೋಡೆಯ ಮೇಲೆ ಕುಳಿತು ನಾವು ಮನೆಯನ್ನು ಹೊಸದಾಗಿ ಯೋಚಿಸಿದೆವು. ಅರ್ಜಿ ಹಾಕಿದ ಮೇಲೆ ಇದು ತಿಳಿದಿದ್ದರೆ ನಕ್ಷೆಯ ಖರ್ಚು, ಶುಲ್ಕ ಮತ್ತು ಒಂದು ಬೇಸಗೆ ಕಾಲ ಅವರ ಕೈಬಿಟ್ಟು ಹೋಗುತ್ತಿದ್ದವು.

ಯಾವ ಕಚೇರಿಗೆ ಹೋಗಬೇಕು

ಅಂಚೆ ವಿಳಾಸದಲ್ಲಿ ಮಂಗಳೂರು ಎಂದಿದ್ದ ಮಾತ್ರಕ್ಕೆ ಜಾಗವು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ ಎಂದು ತಿಳಿಯಬೇಡಿ. ಪಡೀಲು ಪಾಲಿಕೆಯೊಳಗೆ ಬರುತ್ತದೆ, ಅದರಾಚೆಯ ಅಡ್ಯಾರು ಗ್ರಾಮ ಪಂಚಾಯತ್‌ಗೆ ಸೇರಿದೆ. ನೇತ್ರಾವತಿ ದಾಟಿದರೆ ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ಕೋಟೆಕಾರು ಪಟ್ಟಣ ಪಂಚಾಯತ್ ಒಂದರ ಪಕ್ಕದಲ್ಲೊಂದಿವೆ. ಉತ್ತರಕ್ಕೆ ಬಜ್ಪೆ, ಮೂಲ್ಕಿ, ಕಿನ್ನಿಗೋಳಿ ಪಟ್ಟಣ ಪಂಚಾಯತ್‌ಗಳಿವೆ. ಉಡುಪಿಯಲ್ಲಿಯೂ ಹೀಗೆಯೇ; ಮಣಿಪಾಲ ಉಡುಪಿ ನಗರಸಭೆಯ ಭಾಗ, ಅದಕ್ಕೆ ತಾಗಿಕೊಂಡ ಅಲೆವೂರು ಗ್ರಾಮ ಪಂಚಾಯತ್. ಪಾಲಿಕೆಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ, ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯತ್‌ಗಳಿಗೆ 1964ರ ಪೌರಸಭೆಗಳ ಕಾಯ್ದೆ, ಗ್ರಾಮ ಪಂಚಾಯತ್‌ಗೆ ಪಂಚಾಯತ್ ರಾಜ್ ಕಾಯ್ದೆ ಅನ್ವಯಿಸುವುದರಿಂದ ಅರ್ಜಿಯ ನಮೂನೆ, ಶುಲ್ಕ ಮತ್ತು ಸಹಿ ಹಾಕುವ ಅಧಿಕಾರಿ ಎಲ್ಲವೂ ಬೇರೆಯಾಗುತ್ತವೆ.

ಇದರ ಮೇಲೆ ಇನ್ನೊಂದು ಪದರವಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಈ ಪ್ರದೇಶದ ಭೂಬಳಕೆಯನ್ನು ನಿರ್ಧರಿಸುವುದು ಯೋಜನಾ ಪ್ರಾಧಿಕಾರ. ಮಂಗಳೂರಿನಲ್ಲಿ ಅದು ನಾವೆಲ್ಲ ಮೂಡಾ ಎಂದು ಕರೆಯುವ ನಗರಾಭಿವೃದ್ಧಿ ಪ್ರಾಧಿಕಾರ. ಜಾಗ ಯಾವ ವಲಯದಲ್ಲಿದೆ, ವಲಯ ಬದಲಾಯಿಸಬಹುದೇ, ಬಡಾವಣೆ ಅಥವಾ ಏಕನಿವೇಶನಕ್ಕೆ ಅನುಮೋದನೆ ಉಂಟೇ ಎಂಬ ಪ್ರಶ್ನೆಗಳಿಗೆ ಉತ್ತರ ಪ್ರಾಧಿಕಾರದಲ್ಲಿದೆ. ಕಟ್ಟಡ ಕಟ್ಟಲು ಪರವಾನಿಗೆ ಕೊಡುವುದು, ಡೋರ್ ನಂಬರ್ ನೀಡುವುದು, ತೆರಿಗೆ ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆ. ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿನ ಗ್ರಾಮ ಪಂಚಾಯತ್‌ನಲ್ಲಿ ಜಾಗವಿದ್ದವರಿಗೆ ಎರಡೂ ಕಡೆ ಕೆಲಸವಿರುತ್ತದೆ. ಒಂದು ಕಚೇರಿಯ ಪ್ರಶ್ನೆಯನ್ನು ಇನ್ನೊಂದರಲ್ಲಿ ಕೇಳಿ, ಸರಿಯಾದ ಉತ್ತರ ಸಿಗಲಿಲ್ಲವೆಂದು ಬೇಸರಪಟ್ಟುಕೊಳ್ಳುವವರನ್ನು ಬಹಳ ನೋಡಿದ್ದೇನೆ.

ಜಾಗದ ಕಾಗದಗಳು

ಮೊದಲು ಆರ್‌ಟಿಸಿ, ಮ್ಯುಟೇಶನ್ ಪ್ರತಿ, ಕ್ರಯಪತ್ರ ಅಥವಾ ಪಾಲುಪಟ್ಟಿ ಅಥವಾ ವೀಲುನಾಮೆ, ಋಣಭಾರ ಪತ್ರ, ಪ್ಲಾಟಿಂಗ್ ಆದ ಸರ್ವೆ ನಕ್ಷೆ, ಭೂಪರಿವರ್ತನೆಯ ಆದೇಶ, ನಗರದಲ್ಲಾದರೆ ಇ-ಖಾತಾ, ಪಂಚಾಯತ್‌ನಲ್ಲಾದರೆ 9/11 ಎಂದು ಎಲ್ಲರ ಬಾಯಲ್ಲಿರುವ ನಮೂನೆಗಳು, ಈ ವರ್ಷದ ತೆರಿಗೆ ರಶೀದಿ, ಇಷ್ಟನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೇ ಕೆಲಸ ಮಾಡಿ: ಪ್ರತಿ ಕಾಗದದಲ್ಲಿರುವ ಹೆಸರು, ಸರ್ವೆ ನಂಬರ್, ಹಿಸ್ಸೆ ಮತ್ತು ವಿಸ್ತೀರ್ಣವನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆಯಿರಿ. ಕ್ರಯಪತ್ರದಲ್ಲಿ ಆರು ಸೆಂಟ್ಸ್, ಖಾತಾದಲ್ಲಿ ಐದೂಮುಕ್ಕಾಲು; ಆರ್‌ಟಿಸಿಯಲ್ಲಿ ತಂದೆಯ ಹೆಸರು, ತೆರಿಗೆ ರಶೀದಿಯಲ್ಲಿ ಮಗನ ಹೆಸರು; ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಮನೆತನದ ಹೆಸರು ಹಿಂದೆ. ಇವು ಮನೆಯವರಿಗೆ ಸಣ್ಣ ವ್ಯತ್ಯಾಸಗಳು. ಕಡತ ನೋಡುವ ಅಧಿಕಾರಿಗೆ ಇವು ಇಬ್ಬರು ಬೇರೆ ಮನುಷ್ಯರು, ಎರಡು ಬೇರೆ ಜಾಗಗಳು. ತಿದ್ದುಪಡಿಗೆ ತಿಂಗಳು ಹಿಡಿಯುವುದರಿಂದ ಇದನ್ನು ಎಲ್ಲಕ್ಕಿಂತ ಮೊದಲು ಹಿಡಿಯಬೇಕು.

ಕುಮ್ಕಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ವರ್ಗ, ಅಂದರೆ ಪಟ್ಟಾ, ಜಾಗದ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ತೆಗೆದುಕೊಳ್ಳುವ ಸವಲತ್ತು ನಮ್ಮ ಹಿರಿಯರಿಗಿತ್ತು, ಅದು ಒಡೆತನವಾಗಿರಲಿಲ್ಲ. ಅಲ್ಲಿ ತೆಂಗು, ಅಡಕೆ ಬೆಳೆದು ಎಷ್ಟೇ ವರ್ಷ ಆಗಿದ್ದರೂ ಕಟ್ಟಡ ಪರವಾನಿಗೆಯ ವಿಸ್ತೀರ್ಣಕ್ಕೆ ಅದನ್ನು ಸೇರಿಸಿಕೊಳ್ಳಲು ಬರುವುದಿಲ್ಲ. ಮೂಲಗೇಣಿಯ, ಅಂದರೆ ಶಾಶ್ವತ ಗೇಣಿಯ, ಜಾಗವಾದರೆ ಮೂಲದಾರರ, ಅಂದರೆ ಮೂಲ ಒಡೆಯರ, ಹಕ್ಕು ಏನಾಗಿದೆ ಎಂಬುದನ್ನೂ, ಭೂಸುಧಾರಣೆಯಲ್ಲಿ ಗೇಣಿದಾರರ ಡಿಕ್ಲರೇಶನ್ ಅರ್ಜಿಯ ಮೂಲಕ ಬಂದ ಜಾಗವಾದರೆ ನ್ಯಾಯಮಂಡಳಿಯ ಆದೇಶದ ಪ್ರತಿ ಮತ್ತು ಅದರ ಷರತ್ತುಗಳನ್ನೂ ವಕೀಲರಿಂದ ಓದಿಸಿಕೊಳ್ಳಿ. ಕುಟುಂಬದ ಜಾಗದಲ್ಲಿ ಪಾಲುಪಟ್ಟಿ ಆಗದೆ ಬಾಯಿಮಾತಿನ ಹಂಚಿಕೆಯ ಮೇಲೆ ಮನೆ ಕಟ್ಟಲು ಹೊರಡುವುದು ಅಕ್ಕತಂಗಿಯರ, ಅಣ್ಣತಮ್ಮಂದಿರ ನಡುವಿನ ಪ್ರೀತಿಯನ್ನೇ ಒತ್ತೆ ಇಟ್ಟಂತೆ. ಎಲ್ಲ ಹಕ್ಕುದಾರರ ಒಪ್ಪಿಗೆ ಕಾಗದದ ಮೇಲಿರಲಿ.

ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಪರಿವರ್ತನೆ (ಕನ್ವರ್ಷನ್) ಆಗಬೇಕು. ಇದಕ್ಕೆ ಈಗ ಅಫಿಡವಿಟ್ ಸಹಿತ ಆನ್‌ಲೈನ್ ಅರ್ಜಿ ಸಲ್ಲಿಸಬಹುದು. ಜನ ಮರೆಯುವ ಎರಡು ಮಾತುಗಳಿವೆ. ವಾಸಕ್ಕೆಂದು ಪರಿವರ್ತನೆಯಾದ ಜಾಗದಲ್ಲಿ ವಾಣಿಜ್ಯ ಕಟ್ಟಡ ಕಟ್ಟಲು ಆ ಆದೇಶ ಸಾಲದು. ಮತ್ತು ಪರಿವರ್ತನೆ ಆಯಿತೆಂದ ಮಾತ್ರಕ್ಕೆ ನಿವೇಶನ ಅನುಮೋದನೆ ಆಯಿತೆಂದಲ್ಲ. ಸಿಂಗಲ್ ಲೇಔಟ್ ಎಂದು ನಾವು ಕರೆಯುವ ಏಕನಿವೇಶನದ ಅನುಮೋದನೆ ಬೇರೆಯೇ ಹಂತ. ಅನುಮೋದನೆ ಇಲ್ಲದ ನಿವೇಶನಕ್ಕೆ ಸಿಕ್ಕಿದ ಬಿ ಖಾತಾವನ್ನು ತೋರಿಸಿ "ಖಾತೆ ಉಂಟಲ್ಲ" ಎನ್ನುವ ಮಾರಾಟಗಾರರಿದ್ದಾರೆ. ಬಿ ಖಾತಾ ತೆರಿಗೆ ಕಟ್ಟಲು ಅವಕಾಶ ಕೊಡುತ್ತದೆ, ಅನಧಿಕೃತವಾದುದನ್ನು ಅಧಿಕೃತ ಮಾಡುವುದಿಲ್ಲ.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ತೊಡಕು ಗಲ್ಫ್‌ನಲ್ಲಿರುವ ಮಾಲೀಕರದು. ಮಗ ದುಬೈಯಲ್ಲಿ, ಜಾಗ ಅವನ ಹೆಸರಿನಲ್ಲಿ, ಓಡಾಡುವವರು ಇಲ್ಲಿರುವ ತಂದೆ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಇಲ್ಲಿಗೆ ಬಂದ ಮೇಲೆ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಕಪಾಟಿನಲ್ಲಿ ಮಡಚಿಟ್ಟ ಅಧಿಕಾರಪತ್ರವನ್ನು ವರ್ಷ ಕಳೆದು ಹೊರತೆಗೆದಾಗ ಅದು ಅರ್ಜಿಗೆ ಉಪಯೋಗವಾಗದೆ, ಮಗ ರಜೆ ಹಾಕಿ ಬರಬೇಕಾದ ಸಂದರ್ಭಗಳನ್ನು ಕಣ್ಣಾರೆ ನೋಡಿದ್ದೇನೆ. ಅಧಿಕಾರಪತ್ರದಲ್ಲಿ ಪರವಾನಿಗೆ ಅರ್ಜಿ, ನಕ್ಷೆಗೆ ಸಹಿ, ರಸ್ತೆಗೆ ಜಾಗ ಬಿಟ್ಟುಕೊಡುವುದು, ವಿದ್ಯುತ್ ಮತ್ತು ನೀರಿನ ಅರ್ಜಿ ಇವೆಲ್ಲವನ್ನೂ ಹೆಸರಿಸಿ ಬರೆಸಿ. ಜಾಗ ನೋಡಿಕೊಳ್ಳುವ ಅಧಿಕಾರ ಎಂಬ ಒಂದು ಸಾಲು ಸಾಕಾಗುವುದಿಲ್ಲ.

ನದಿ, ಗುಡ್ಡ, ವಿಮಾನ

ಕಾಗದ ಸರಿಯಾದ ಮೇಲೆ ಜಾಗವಿರುವ ಸ್ಥಳವನ್ನು ನೋಡಬೇಕು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ಸರ್ವೆ ನಂಬರ್ ನೋಡಿದರೆ ಪಕ್ಕದಲ್ಲಿ ತೋಡು, ಸರಕಾರಿ ಜಾಗ, ರಸ್ತೆ ಏನಿದೆ ಎಂಬ ಒಂದು ಅಂದಾಜು ಸಿಗುತ್ತದೆ. ಅದು ಅಂದಾಜು ಮಾತ್ರ. ಗಡಿಯ ನಿರ್ಣಯಕ್ಕೆ ಸರ್ವೆ ಇಲಾಖೆಯ ಅಳತೆ ಅರ್ಜಿಯ ವ್ಯವಸ್ಥೆಯಾದ ಮೋಜಿಣಿಯಲ್ಲಿ ಅರ್ಜಿ ಹಾಕಿ ಸರ್ವೆಯರ್‌ರಿಂದಲೇ ಅಳತೆ ಮಾಡಿಸಬೇಕು.

ಕರಾವಳಿ ನಿಯಂತ್ರಣ ವಲಯ ಎಂದರೆ ಪಣಂಬೂರು, ಸುರತ್ಕಲ್, ಮಲ್ಪೆಯ ಕಡಲ ದಂಡೆಯವರಿಗೆ ಮಾತ್ರ ಸಂಬಂಧಿಸಿದ್ದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸಮುದ್ರದ ಕಡೆ ಭರತರೇಖೆಯಿಂದ 500 ಮೀಟರ್ ವರೆಗೆ ಈ ನಿಯಮವಿದೆ ಎಂಬುದು ನಿಜ. ಆದರೆ ಉಬ್ಬರದ ನೀರು ಒಳನುಗ್ಗುವ ನದಿ, ಹಳ್ಳಗಳ ದಡಕ್ಕೂ ಅದು ಅನ್ವಯಿಸುತ್ತದೆ; ಕಡು ಬೇಸಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದರಷ್ಟಿರುವ ಸ್ಥಳದ ತನಕ ಉಬ್ಬರದ ಪ್ರಭಾವ ಎಂದು ಲೆಕ್ಕ. 2011ರ ಅಧಿಸೂಚನೆಯಲ್ಲಿ ಅಂಥ ದಡದಿಂದ 100 ಮೀಟರ್ ಅಥವಾ ಹಳ್ಳದ ಅಗಲ, ಇವೆರಡರಲ್ಲಿ ಕಡಿಮೆ ಇದ್ದಷ್ಟು ಪ್ರದೇಶ ವಲಯದೊಳಗಿತ್ತು. 2019ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿತು. ಕೂಳೂರಿನಲ್ಲಿ ಫಲ್ಗುಣಿಯ ದಡ, ನೇತ್ರಾವತಿಯ ಅಂಚು, ಉಡುಪಿಯ ಉದ್ಯಾವರ ಮತ್ತು ಕಲ್ಯಾಣಪುರದ ಹೊಳೆಬದಿ, ಇಲ್ಲೆಲ್ಲ ಕಡಲಿನ ಸದ್ದೂ ಕೇಳದ ಜಾಗದವರು ಅರ್ಜಿ ಹಾಕಿದ ಮೇಲೆ ಇದನ್ನು ಕೇಳಿ ಬೆರಗಾಗುತ್ತಾರೆ. ಮಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶಕರ ಪರಿಸರ ಕಚೇರಿಯಲ್ಲಿ ಅನುಮೋದಿತ ನಕ್ಷೆಯ ಮೇಲೆ ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತದೆ ಎಂದು ಮೊದಲೇ ಲಿಖಿತವಾಗಿ ಕೇಳಿ.

ಎತ್ತರದ ಕಟ್ಟಡ ಯೋಚಿಸುವವರು ವಿಮಾನ ನಿಲ್ದಾಣದ ಲೆಕ್ಕವನ್ನೂ ತಿಳಿಯಬೇಕು. ವಿಮಾನ ನಿಲ್ದಾಣ ಪ್ರಾಧಿಕಾರ ಬಣ್ಣದ ಗುರುತಿನ ನಕ್ಷೆಯೊಂದನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿರುತ್ತದೆ. ನಿಮ್ಮ ಜಾಗದ ಬಣ್ಣಕ್ಕೆ ನಿಗದಿಯಾದ ಎತ್ತರದೊಳಗಿದ್ದರೆ ಸ್ಥಳೀಯ ಸಂಸ್ಥೆಯೇ ಮುಂದುವರಿಯಬಹುದು, ಮೀರಿದರೆ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಈ ಎತ್ತರವನ್ನು ಅಳೆಯುವುದು ನೆಲದಿಂದಲ್ಲ, ಸಮುದ್ರ ಮಟ್ಟದಿಂದ. ಬಂದರು ಪ್ರದೇಶದ ತಗ್ಗಿನಲ್ಲಿ 20 ಮೀಟರಿನ ಕಟ್ಟಡ ಮತ್ತು ಸಮುದ್ರ ಮಟ್ಟದಿಂದ 70 ಮೀಟರ್ ಎತ್ತರದ ಗುಡ್ಡದ ಮೇಲೆ ಅದೇ 20 ಮೀಟರಿನ ಕಟ್ಟಡ, ಇವೆರಡೂ ಈ ಲೆಕ್ಕದಲ್ಲಿ ಒಂದಲ್ಲ. ಎರಡನೆಯದರ ತುದಿ 90 ಮೀಟರಿನಲ್ಲಿರುತ್ತದೆ. ತಾರಸಿಯ ಮೇಲಿನ ನೀರಿನ ಟ್ಯಾಂಕ್, ಲಿಫ್ಟ್ ಕೋಣೆ, ಆ್ಯಂಟೆನಾ ಎಲ್ಲ ಸೇರಿಯೇ ತುದಿ.

ರಸ್ತೆಯ ಅಗಲವನ್ನೂ ಈಗಲೇ ನೋಡಿ. ಇಂದು ಮನೆಯೆದುರು ಹದಿನೈದು ಅಡಿಯ ರಸ್ತೆ ಇರಬಹುದು, ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಅದು ಬಹಳ ಅಗಲಕ್ಕೆ ಗುರುತಾಗಿರಬಹುದು. ಹಾಗಿದ್ದರೆ ಅಗಲಗೊಳ್ಳುವ ಭಾಗವನ್ನು ಬಿಟ್ಟು ಅದರಿಂದ ಒಳಗೆ, ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಅಳೆಯಬೇಕಾಗುತ್ತದೆ. ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಪಡೆಯುವ ಅವಕಾಶ ಯೋಜನಾ ಕಾಯ್ದೆಯಲ್ಲಿದೆ. ಅದನ್ನು ಕೇಳದೆ ಬಿಡಬೇಡಿ.

ನಕ್ಷೆ ಮತ್ತು ಅರ್ಜಿ

ಈಗ ನಕ್ಷೆಗೆ ಬರೋಣ. ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿತರಾದ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯೇ ಆನ್‌ಲೈನ್ ವ್ಯವಸ್ಥೆಯಲ್ಲಿ ನಕ್ಷೆ ಸಲ್ಲಿಸಬೇಕು. ವಲಯ ನಿಯಮಾವಳಿ ಮುಖ್ಯವಾಗಿ ನೋಡುವುದು ನಾಲ್ಕು ಸಂಗತಿಗಳನ್ನು: ಸುತ್ತ ಬಿಡುವ ಜಾಗ, ನಿವೇಶನದಲ್ಲಿ ಕಟ್ಟಡ ಆವರಿಸುವ ಪ್ರಮಾಣ, ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣದ ಮಿತಿಯಾದ ಎಫ್‌ಎಆರ್, ಮತ್ತು ವಾಹನ ನಿಲುಗಡೆ. ವಾಮಂಜೂರಿನ ಆ ಐದೂವರೆ ಸೆಂಟ್ಸ್ ಸುಮಾರು 222 ಚದರ ಮೀಟರ್. ಎಫ್‌ಎಆರ್ ಒಂದೂವರೆ ಎಂದಿಟ್ಟುಕೊಂಡರೆ 333 ಚದರ ಮೀಟರ್ ಕಟ್ಟಬಹುದು ಎಂದು ಲೆಕ್ಕ ಹೇಳುತ್ತದೆ. ಆದರೆ ಸೆಟ್‌ಬ್ಯಾಕ್, ತೋಡಿನ ಬದಿ ಬಿಡಬೇಕಾದ ಅಂತರ, ಕಾರು ನಿಲ್ಲಿಸುವ ಜಾಗ ಕಳೆದ ಮೇಲೆ ನಿಜವಾಗಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಎಫ್‌ಎಆರ್ ಸಂಖ್ಯೆಯನ್ನೊಂದನ್ನೇ ನೋಡಿ ಜಾಗಕ್ಕೆ ಬೆಲೆ ಕಟ್ಟುವವರು ಇಲ್ಲಿ ಮೋಸ ಹೋಗುತ್ತಾರೆ. ಎತ್ತರ ಏರಿದಂತೆ ಸುತ್ತ ಬಿಡಬೇಕಾದ ಜಾಗವೂ ಏರುವುದರಿಂದ ಕಿರಿದಾದ ನಿವೇಶನದಲ್ಲಿ ಇನ್ನೊಂದು ಮಹಡಿಯ ಆಸೆ ಕೆಳಗಿನ ಮಹಡಿಯನ್ನೇ ತಿನ್ನಬಹುದು.

ನಿಯಮ ಕೇಳಲಿ, ಬಿಡಲಿ, ಮಂಗಳೂರಿನಲ್ಲಿ ನಕ್ಷೆ ಮಾಡುವವರು ಮಳೆಯನ್ನು ನೆನೆಯಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಏರುತಗ್ಗಿನ ಊರಿದು. ಗುಡ್ಡವನ್ನು ನೇರವಾಗಿ ಕತ್ತರಿಸಿ ಮುರಕಲ್ಲಿನ ಬರೆಯನ್ನು ಬರಿದಾಗಿ ಬಿಟ್ಟರೆ ಆಷಾಢದ ಒಂದು ರಾತ್ರಿ ಅದು ಜರಿಯುತ್ತದೆ, ಕೆಳಗಿನ ಮನೆಯವರ ಮೇಲೆ. ಮೇಲುಪದರದ ಮುರಕಲ್ಲು ಗಟ್ಟಿಯಾಗಿ ಕಂಡರೂ ಅದರಡಿಯ ಜೇಡಿ ಮಣ್ಣು ನೀರು ಕುಡಿದಾಗ ಜಾರುತ್ತದೆ. ತಡೆಗೋಡೆಗೆ ನೀರು ಹೊರಹೋಗುವ ತೂತುಗಳು, ಅದರ ಹಿಂದೆ ಜಲ್ಲಿಯ ಪದರ, ಮೇಲಿನಿಂದ ಬರುವ ನೀರಿಗೆ ಪ್ರತ್ಯೇಕ ಚರಂಡಿ, ಇವನ್ನು ನಕ್ಷೆಯಲ್ಲೇ ತೋರಿಸಿ. ಮಳೆಕೊಯ್ಲು ಮತ್ತು ಇಂಗುಗುಂಡಿಯ ಸ್ಥಾನವನ್ನು ತಡೆಗೋಡೆಯಿಂದ ದೂರ ಇಡಿ. ಬರೆಯ ಬುಡಕ್ಕೇ ನೀರು ಇಂಗಿಸುವ ನಕ್ಷೆಗಳು ಅನುಮೋದನೆಯಾಗಿ ಬಂದರೂ ನಾನು ಅವನ್ನು ಕಟ್ಟಲು ಹೇಳುವುದಿಲ್ಲ. ಸಾಧ್ಯವಾದರೆ ಒಂದು ಜುಲೈ ತಿಂಗಳಲ್ಲಿ ಜಾಗದ ಮೇಲೆ ಕೊಡೆ ಹಿಡಿದು ನಿಂತು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಬೇಸಗೆಯ ಅಳತೆ ಹೇಳದ ಸತ್ಯವನ್ನು ಆ ಅರ್ಧ ಗಂಟೆ ಹೇಳುತ್ತದೆ.

ಅರ್ಜಿ ಸಲ್ಲಿಸಿದಾಗ ಸಿಗುವ ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಇದೆಯೇ ನೋಡಿಕೊಳ್ಳಿ. 2011ರ ಸಕಾಲ ಕಾಯ್ದೆಯ ಪ್ರಕಾರ ನಿಗದಿತ ದಿನಗಳೊಳಗೆ ಸೇವೆ ಸಿಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ವಿಳಂಬ ದಾಖಲಾಗುತ್ತದೆ ಎಂಬುದು ದೊಡ್ಡದು. ಕಡತದ ಮೇಲೆ ಆಕ್ಷೇಪಣೆ ಬಂದರೆ ಬಾಯಿಮಾತಿನಲ್ಲಿ ಉತ್ತರಿಸಿ ಬರಬೇಡಿ. ಒಮ್ಮೆ ಒಂದು ಕಚೇರಿಯಲ್ಲಿ ನನ್ನ ಒಂದೇ ಅರ್ಜಿ ಮೂರು ಸಲ ಹಿಂದೆ ಬಂತು, ಮೂರು ಸಲವೂ ಬೇರೆ ಬೇರೆ ಕಾರಣಕ್ಕೆ. ಮೊದಲನೆಯ ಸಲವೇ "ದಯವಿಟ್ಟು ಎಲ್ಲ ನ್ಯೂನತೆಗಳನ್ನು ಒಟ್ಟಿಗೆ ತಿಳಿಸಿ" ಎಂದು ಲಿಖಿತವಾಗಿ ಕೇಳಿದ್ದರೆ ಆ ಕುಟುಂಬ ಮಳೆಗಾಲಕ್ಕೆ ಮೊದಲು ಪಾಯ ಹಾಕಬಹುದಾಗಿತ್ತು. ಅಂದಿನಿಂದ ಪ್ರತಿ ಆಕ್ಷೇಪಣೆಗೂ ಕ್ರಮಸಂಖ್ಯೆ ಹಾಕಿ, ಆಧಾರದ ಪುಟವನ್ನು ಲಗತ್ತಿಸಿ, ಒಂದೇ ಪತ್ರದಲ್ಲಿ ಉತ್ತರ ಕೊಡುತ್ತೇನೆ. ಕಡತದ ಪ್ರತಿ ಬೇಕಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕು.

ಪರವಾನಿಗೆ ಶುಲ್ಕ, ಅಭಿವೃದ್ಧಿ ಶುಲ್ಕಗಳ ಜೊತೆಗೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಇರುತ್ತದೆ. ಕಡಿಮೆ ವೆಚ್ಚದ ಸ್ವಂತ ಮನೆಗೆ ಅದರಿಂದ ವಿನಾಯಿತಿ ಇದೆ. ಎಲ್ಲ ಪಾವತಿಯೂ ಚಲನ್ ಮೂಲಕವೇ ಆಗಲಿ. ರಶೀದಿ ಇಲ್ಲದ ಯಾವ ಹಣವೂ ಶುಲ್ಕವಲ್ಲ, ಅದನ್ನು ಕೇಳುವವರು ಯಾರೇ ಆಗಿರಲಿ.

ಕಟ್ಟುವಾಗ ಮತ್ತು ಕಟ್ಟಿದ ಮೇಲೆ

ಪರವಾನಿಗೆ ಪತ್ರದ ಹಿಂಬದಿಯ ಷರತ್ತುಗಳನ್ನು ಮೇಸ್ತ್ರಿಗೂ ಓದಿ ಹೇಳಿ. ಪಾಯದ ಗುರುತು ಹಾಕುವ ದಿನ ಅನುಮೋದಿತ ನಕ್ಷೆ ಕೈಯಲ್ಲಿ ಹಿಡಿದು ನಾಲ್ಕೂ ಕಡೆಯ ಸೆಟ್‌ಬ್ಯಾಕ್ ನೀವೇ ಅಳೆಯಿರಿ. ಒಂದು ಅಡಿ ಹೊರಗೆ ಬಂದ ಕಂಬವನ್ನು ಆ ದಿನ ಸರಿಸುವುದು ಸುಣ್ಣದ ಗೆರೆ ಅಳಿಸಿದಷ್ಟು ಸುಲಭ. ಮುಂದೆ ಅದು ಪೌರ ನಿಗಮಗಳ ಕಾಯ್ದೆಯ 321ನೇ ಕಲಮಿನಂತೆ ಅಕ್ರಮ ಭಾಗ ಕೆಡವುವ ನೋಟಿಸಿಗೆ ಕಾರಣವಾಗಬಹುದು. ಮನಸ್ಸು ಬದಲಾಗಿ ಕೋಣೆ ಹೆಚ್ಚಿಸಬೇಕೆನಿಸಿದರೆ ಕಟ್ಟುವ ಮೊದಲು ಪರಿಷ್ಕೃತ ನಕ್ಷೆ ಸಲ್ಲಿಸಿ.

ಕೆಲಸ ಮುಗಿದ ಮೇಲೆ ಒಂದು ತಿಂಗಳೊಳಗೆ ಪೂರ್ಣಗೊಂಡ ಪ್ರಮಾಣಪತ್ರ ಸಲ್ಲಿಸಿ, ಕಟ್ಟಡವನ್ನು ಬಳಸಲು ಅನುಮತಿಯಾದ ಸ್ವಾಧೀನಾನುಭವ ಪತ್ರಕ್ಕೆ ಅರ್ಜಿ ಹಾಕಬೇಕೆಂದು ಅದೇ ಕಾಯ್ದೆಯ 310ನೇ ಕಲಮು ಹೇಳುತ್ತದೆ. ಗೃಹಪ್ರವೇಶ ಮುಗಿಸಿ ಇದನ್ನು ಮರೆತುಬಿಡುವ ಅಭ್ಯಾಸ ನಮ್ಮಲ್ಲಿ ಬೇರೂರಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರು ಮುಂತಾದ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಬೇಕು ಎಂದು ನಿರ್ದೇಶಿಸಿದ ಮೇಲೆ ಈ ಮರೆವಿಗೆ ಬೆಲೆ ಬಂದಿದೆ. ಫ್ಲ್ಯಾಟ್ ಕೊಳ್ಳುವವರು ಕೀಲಿಕೈಗಿಂತ ಮೊದಲು ಈ ಪತ್ರವನ್ನು ಕೇಳಲಿ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಗೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿದೆಯೇ ಎಂಬುದನ್ನೂ ನೋಡಲಿ.

ಅಂಗಡಿ, ಹೋಟೆಲ್, ಕಚೇರಿ ತೆರೆಯುವವರಿಗೆ

ಕದ್ರಿಯ ಬಳಿ ಹಂಚಿನ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಸಣ್ಣ ಹೋಟೆಲ್ ಮಾಡಲು ಹೊರಟ ತರುಣನೊಬ್ಬ ನನ್ನ ಬಳಿ ಬಂದಾಗ ಮುಂಗಡ ಕೊಟ್ಟು, ಗೋಡೆಗೆ ಬಣ್ಣ ಬಳಿದು, ಒಲೆ ಕೂರಿಸಿ ಆಗಿತ್ತು. ಉದ್ದಿಮೆ ಪರವಾನಿಗೆಗೆ ಅರ್ಜಿ ಹಾಕಿದಾಗ ಆ ಡೋರ್ ನಂಬರ್ ವಾಸದ ಮನೆಯದು ಎಂದು ತಿಳಿಯಿತು. ಕಟ್ಟಡದ ಬಳಕೆ ಬದಲಾಗದೆ, ಆ ವಲಯದಲ್ಲಿ ಮತ್ತು ಆ ಅಗಲದ ರಸ್ತೆಯಲ್ಲಿ ಹೋಟೆಲಿಗೆ ಅವಕಾಶ ಇದೆಯೇ ಎಂದು ತೀರ್ಮಾನವಾಗದೆ ಪರವಾನಿಗೆ ಸಿಗುವಂತಿರಲಿಲ್ಲ. "ನಾಲ್ಕು ತಿಂಗಳ ಬಾಡಿಗೆ ಸುಮ್ಮನೆ ಹೋಯಿತಲ್ಲ ಸರ್" ಎಂದು ಆತ ಹೇಳಿದ ಸ್ವರ ನನಗೆ ಇನ್ನೂ ನೆನಪಿದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮಾಲೀಕರಿಂದ ತೆರಿಗೆ ರಶೀದಿ ಮತ್ತು ಅನುಮೋದಿತ ನಕ್ಷೆಯ ಪ್ರತಿ ಕೇಳಿ, ಅವುಗಳಲ್ಲಿ ಬಳಕೆ ವಾಣಿಜ್ಯ ಎಂದಿದೆಯೇ ನೋಡಿ. ಇಲ್ಲದಿದ್ದರೆ, ಪರವಾನಿಗೆ ಸಿಗದೆ ಹೋದಲ್ಲಿ ಮುಂಗಡ ಹಿಂದಿರುಗಿಸತಕ್ಕದ್ದು ಎಂಬ ಒಂದು ಷರತ್ತನ್ನು ಕರಾರಿನಲ್ಲಿ ಸೇರಿಸಿ. ಒಳ್ಳೆಯ ಮಾಲೀಕರು ಇದಕ್ಕೆ ಒಪ್ಪುತ್ತಾರೆ.

ಉದ್ದಿಮೆ ಪರವಾನಿಗೆ ಪಾಲಿಕೆಯ ಆರೋಗ್ಯ ಶಾಖೆಯ ಮೂಲಕ ಪೌರ ನಿಗಮಗಳ ಕಾಯ್ದೆಯ 353ನೇ ಕಲಮಿನಂತೆ ಕೊಡುವಂಥದ್ದು, ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಇದು ಕಟ್ಟಡವನ್ನು ಸಕ್ರಮಗೊಳಿಸುವ ಪತ್ರವಲ್ಲ. ಇದರ ಜೊತೆಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ವ್ಯವಹಾರ ಆರಂಭಿಸಿದ 30 ದಿನಗಳೊಳಗೆ ನೋಂದಣಿ, ಆಹಾರದ ವ್ಯವಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಿಗೆ, ಮೆಸ್ಕಾಂನಲ್ಲಿ ವಾಣಿಜ್ಯ ದರದ ವಿದ್ಯುತ್ ಸಂಪರ್ಕ ಬೇಕಾಗುತ್ತದೆ. ಕಾರ್ಖಾನೆ, ದೊಡ್ಡ ಹೋಟೆಲ್, ಗ್ಯಾರೇಜುಗಳಂಥವಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಎರಡು ಹಂತಗಳಲ್ಲಿದೆ: ಸ್ಥಾಪನೆಗೆ ಮೊದಲು ಒಂದು, ಕೆಲಸ ಆರಂಭಿಸುವ ಮೊದಲು ಇನ್ನೊಂದು. ಯಂತ್ರ ತಂದು ಕೂರಿಸಿದ ಮೇಲೆ ಮೊದಲನೆಯದಕ್ಕೆ ಅರ್ಜಿ ಹಾಕುವುದು ತಡವಾದ ಕೆಲಸ. ಹೋಟೆಲಿನವರು ಪಾತ್ರೆ ತೊಳೆದ ನೀರಿನ ಜಿಡ್ಡು ಹಿಡಿಯುವ ತೊಟ್ಟಿಯನ್ನು ಒಳಚರಂಡಿಗೆ ಸೇರುವ ಮೊದಲು ಕಟ್ಟಿಸಲೇಬೇಕು. ನಾಮಫಲಕಕ್ಕೂ ಅನುಮತಿ ಪಡೆಯಿರಿ, ಅದರ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬುದು 2024ರ ತಿದ್ದುಪಡಿ.

ಕೊನೆಯದಾಗಿ ಖಾತೆಯ ಕೆಲಸ ಒಂದು ಉಳಿಯುತ್ತದೆ. ಸ್ವಾಧೀನಾನುಭವ ಪತ್ರ ಬಂದ ಮೇಲೆ ಹೊಸ ಡೋರ್ ನಂಬರ್ ಪಡೆದು, ಖಾಲಿ ನಿವೇಶನ ಎಂದಿದ್ದ ಖಾತೆಯನ್ನು ಕಟ್ಟಡ ಸಹಿತ ಎಂದು ಬದಲಾಯಿಸಿ, ಕಟ್ಟಡದ ನಿಜವಾದ ವಿಸ್ತೀರ್ಣ ನಮೂದಿಸಿ ಆಸ್ತಿ ತೆರಿಗೆ ಘೋಷಿಸಿ. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5ರ ರಿಯಾಯಿತಿ ಸಿಗುತ್ತದೆ. ಆ ರಶೀದಿಯನ್ನು ಪರವಾನಿಗೆ, ಅನುಮೋದಿತ ನಕ್ಷೆ, ಸ್ವಾಧೀನಾನುಭವ ಪತ್ರಗಳ ಜೊತೆಗೇ ಒಂದೇ ಕಡತದಲ್ಲಿಟ್ಟು, ಮನೆಯಲ್ಲಿ ಇನ್ನೊಬ್ಬರಿಗಾದರೂ ಅದಿರುವ ಜಾಗವನ್ನು ತಿಳಿಸಿಡಿ.